ಪಾರ್ಸಲು ಬಟವಾಡೆಯ ವಾಹನಚಾಲಕನ ವೃತ್ತಿ

ವಾಣಿಜ್ಯವನ್ನು ಕುರಿತು ಬರೆಯುವವರು ಉತ್ಪಾದನೆಯನ್ನೂ ಕ್ರಯವಿಕ್ರಯಗಳನ್ನೂ ವಿಸ್ತಾರವಾಗಿ ವಿವೇಚಿಸುತ್ತಾರೆ. ಕೊಂಡ ವಸ್ತು ಕೊಂಡವನ ಮನೆಯ ಬಾಗಿಲನ್ನು ಸೇರುವ ಬಗೆಯನ್ನು ಮಾತ್ರ ಒಂದೆರಡು ಮಾತುಗಳಲ್ಲಿ ಮುಗಿಸಿಬಿಡುವುದುಂಟು. ಸಾವಿರಾರು ಮೈಲಿಗಳ ದೂರವನ್ನು ವಿಮಾನ, ರೈಲು, ಭಾರಿ ಲಾರಿಗಳು ಸರಕನ್ನು ರಾಶಿಯಾಗಿ ಹೊತ್ತು ದಾಟಬಲ್ಲವು. ಕಡೆಯ ಕೆಲವು ಮೈಲಿಗಳಲ್ಲಾದರೋ ಆ ರಾಶಿ ಒಡೆದು ಒಂದೊಂದು ಪೊಟ್ಟಣವೂ ಒಂದೊಂದು ಬಾಗಿಲಿಗೆ ಹೋಗಬೇಕು. ಈ ಭಾಗದ ಹೊಣೆ ಊರೊಳಗಿನ ಬಟವಾಡೆಯ ವಾಹನಚಾಲಕನದು. ನೋಡುವವರಿಗೆ ಇದು ಕೇವಲ ಮೋಟಾರು ನಡೆಸುವ ಕೆಲಸವಾಗಿ ತೋರುತ್ತದೆ. ವಸ್ತುತಃ ಅದರಲ್ಲಿ ಅಡಗಿರುವ ವಿದ್ಯೆ ಯಾವುದು, ಆ ವಿದ್ಯೆಯ ಒಡೆತನ ಯಾರದು ಎಂಬುದನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಯುನೈಟೆಡ್ ಪಾರ್ಸೆಲ್ ಸರ್ವಿಸ್ ಎಂಬ ಸಂಸ್ಥೆಯ ನಿದರ್ಶನದಿಂದ ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

೧೯೦೭ರಲ್ಲಿ ಸಿಯಾಟಲ್ ನಗರದಲ್ಲಿ ಜೇಮ್ಸ್ ಕೇಸಿ, ಕ್ಲಾಡ್ ರಯನ್ ಎಂಬ ತರುಣರಿಬ್ಬರು ಓಲೆಗಳನ್ನೂ ಸಣ್ಣ ಕಟ್ಟುಗಳನ್ನೂ ಮುಟ್ಟಿಸುವ ಉದ್ಯಮವೊಂದನ್ನು ಆರಂಭಿಸಿದರು. ಮೊದಲು ಕಾಲ್ನಡಿಗೆ ಮತ್ತು ಬೈಸಿಕಲ್ಲುಗಳೇ ಸಾಧನ. ೧೯೧೩ರಲ್ಲಿ ಫೋರ್ಡ್ ಮೋಟಾರೊಂದು ಬಂದಿತು. ೧೯೧೯ರಲ್ಲಿ ಕ್ಯಾಲಿಫೋರ್ನಿಯದ ಓಕ್ಲೆಂಡಿಗೆ ಕಾರ್ಯವನ್ನು ವಿಸ್ತರಿಸಿದಾಗ ಈಗಿನ ಹೆಸರು ಬಳಕೆಗೆ ಬಂದಿತು. ಆ ಕಾಲದಲ್ಲಿ ದೊಡ್ಡ ಅಂಗಡಿಗಳು ಗಿರಾಕಿಗಳ ಮನೆಗೆ ತಮ್ಮ ತಮ್ಮ ಬಂಡಿಗಳಲ್ಲೇ ಸರಕನ್ನು ಕಳುಹಿಸುತ್ತಿದ್ದುದರಿಂದ ಒಂದೇ ಬೀದಿಗೆ ಹಲವು ಬಂಡಿಗಳು ಅರೆಬರಿದಾಗಿ ಓಡಾಡುತ್ತಿದ್ದವು. ಅವೆಲ್ಲವುಗಳ ಸರಕನ್ನು ಒಂದೇ ವಾಹನದಲ್ಲಿ ಸೇರಿಸಿದರೆ ಪ್ರತಿ ಪೊಟ್ಟಣಕ್ಕೂ ತಗಲುವ ವೆಚ್ಚ ಇಳಿಯುವುದೆಂಬುದೇ ಉದ್ಯಮದ ಮೂಲತತ್ತ್ವ. ಬೀದಿಯೊಂದರಲ್ಲಿ ನಿಲುಗಡೆಗಳು ಹೆಚ್ಚಿದಷ್ಟೂ ಲಾಭ ಹೆಚ್ಚು. ಚಾಲಕನ ದಿನಚರಿಯೆಲ್ಲವೂ ಈ ತತ್ತ್ವದಿಂದಲೇ ಹುಟ್ಟಿದೆ.

ದಿನದ ಕೆಲಸ ಚಾಲಕನು ಬರುವುದಕ್ಕೆ ಮೊದಲೇ ಆರಂಭವಾಗುತ್ತದೆ. ರಾತ್ರಿಯಲ್ಲಿ ದೊಡ್ಡ ಲಾರಿಗಳು ತಂದ ಪೊಟ್ಟಣಗಳನ್ನು ಬೆಳಗಿನ ಜಾವ ತುಂಬುಗಾರರು ಚಲಿಸುವ ಪಟ್ಟಿಯಿಂದೆತ್ತಿ ಆಯಾ ವಾಹನದೊಳಗಣ ಗೂಡುಗಳಲ್ಲಿಡುತ್ತಾರೆ. ಗೂಡುಗಳಿಗೆ ಸಾವಿರದಿಂದ ಎಂಟು ಸಾವಿರದವರೆಗೆ ಕ್ರಮಸಂಖ್ಯೆಗಳುಂಟು. ಪ್ರತಿ ಪೊಟ್ಟಣಕ್ಕೂ ಅಂಟಿಸಿದ ಚೀಟಿ ಅದರ ಗೂಡನ್ನೂ ಸರದಿಯನ್ನೂ ತಿಳಿಸುತ್ತದೆ. ತುಂಬುವಾಗ ಒಂದು ಪೊಟ್ಟಣ ಸ್ಥಾನತಪ್ಪಿದರೆ ಚಾಲಕನು ಮಧ್ಯಾಹ್ನ ಅದನ್ನು ಹುಡುಕುತ್ತ ನಿಲ್ಲಬೇಕು, ಇಲ್ಲವೆ ಮುಗಿಸಿದ ಬೀದಿಗೆ ಮರಳಬೇಕು. ಒಬ್ಬನ ಅವಸರ ಇನ್ನೊಬ್ಬನ ಶ್ರಮವಾಗುವುದು ಹೀಗೆ. ಒಂದು ಪೊಟ್ಟಣದ ತೂಕ ೧೫೦ ಪೌಂಡುಗಳವರೆಗೂ, ಅಂದರೆ ಸುಮಾರು ೬೮ ಕಿಲೋಗ್ರಾಂಗಳವರೆಗೂ ಇರಬಹುದು.

ಮೊದಲು ಮುಟ್ಟಿಸತಕ್ಕವು, ಗೊತ್ತಾದ ವೇಳೆಯೊಳಗೆ ತಲುಪಿಸುವೆವೆಂದು ಹೆಚ್ಚು ದರ ಪಡೆದು ವಿಮಾನದಲ್ಲಿ ತಂದ ಪೊಟ್ಟಣಗಳು. ಅನಂತರ ಅಂಗಡಿ ಕಚೇರಿಗಳು, ಆಮೇಲೆ ಮನೆಗಳು. ಸಾಯಂಕಾಲ ವ್ಯಾಪಾರಸ್ಥರು ಕಳುಹಿಸುವ ಸರಕನ್ನು ಅವರ ಕಚೇರಿ ಮುಚ್ಚುವುದರೊಳಗಾಗಿ ಎತ್ತಿಕೊಳ್ಳಬೇಕು. ಆದಕಾರಣ ಅತ್ಯಂತ ಹ್ರಸ್ವವಾದ ಮಾರ್ಗವೇ ಅತ್ಯುತ್ತಮವಾದ ಮಾರ್ಗವಲ್ಲ. ಮೂರು ಸಲ ಒಂದೇ ಬೀದಿಯನ್ನು ಹಾದುಹೋಗುವ ಚಾಲಕನು ದಾರಿ ತಿಳಿಯದವನೆಂದು ಭಾವಿಸಬಾರದು. ಅವನು ಮೂರು ಬೇರೆ ಬೇರೆ ವೇಳೆಗಳ ಕರಾರನ್ನು ನಡೆಸುತ್ತಿರಬಹುದು.

ಮಾರ್ಗವನ್ನು ನಿಶ್ಚಯಿಸುವುದು ಎಷ್ಟು ಕಠಿಣವೆಂಬುದನ್ನು ಗಣಿತದಿಂದ ತಿಳಿಯಬಹುದು. ಐದು ನಿಲುಗಡೆಗಳನ್ನು ೧೨೦ ಬಗೆಗಳಲ್ಲಿ ಸರದಿಗೊಳಿಸಬಹುದು. ಹತ್ತನ್ನು ೩೬,೨೮,೮೦೦ ಬಗೆಗಳಲ್ಲಿ. ನೂರಿಪ್ಪತ್ತು ನಿಲುಗಡೆಗಳಾದರೆ ಬಗೆಗಳ ಸಂಖ್ಯೆ ೧೯೯ ಅಂಕಿಗಳಷ್ಟು ಉದ್ದವಾಗುತ್ತದೆ. ಎಲ್ಲವನ್ನೂ ಪರೀಕ್ಷಿಸಿ ಆರಿಸುವುದು ಯಾವ ಯಂತ್ರಕ್ಕೂ ಸಾಧ್ಯವಲ್ಲ. ಸಮೀಪವಾದ ಉತ್ತರವನ್ನು ಸೂಚಿಸುವುದೇ ಸಾಮಾನ್ಯ ರೂಢಿ. ಸಂಸ್ಥೆಯು ಇದಕ್ಕಾಗಿ ಒರಾಯನ್ ಎಂಬ ಗಣಕಪದ್ಧತಿಯನ್ನು ರಚಿಸಿ, ೨೦೧೬ರ ವೇಳೆಗೆ ಆ ದೇಶದ ಸುಮಾರು ೫೫,೦೦೦ ಮಾರ್ಗಗಳಲ್ಲಿ ಅಳವಡಿಸಿತು. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ನಡೆಯುವುದರಿಂದ ಎಡಕ್ಕೆ ತಿರುಗಬೇಕಾದರೆ ಎದುರಿನ ಸಾಲನ್ನು ಅಡ್ಡಹಾಯಬೇಕು. ನಮ್ಮಲ್ಲಿ ಬಲಕ್ಕೆ ತಿರುಗುವುದು ಇದಕ್ಕೆ ಸಮಾನ. ಕಾಯುವ ಹೊತ್ತನ್ನೂ ಅಪಘಾತವನ್ನೂ ತಗ್ಗಿಸಲು ಅಂಥ ತಿರುವುಗಳನ್ನು ಆದಷ್ಟು ಬಿಡುವಂತೆ ಮಾರ್ಗಗಳನ್ನು ಏರ್ಪಡಿಸಿದ್ದಾರೆ.

ಆದರೆ ಗಣಕಕ್ಕೆ ನಕ್ಷೆ ತಿಳಿದಿರುವಂತೆ ನೆರೆಹೊರೆ ತಿಳಿಯದು. ಯಾವ ಅಂಗಡಿಯವನು ಊಟದ ವೇಳೆ ಬಾಗಿಲು ಹಾಕುವನು, ಯಾವ ಹಿತ್ತಿಲಲ್ಲಿ ನಾಯಿ ಕಟ್ಟಿರದು, ಯಾವ ಮುದುಕಿಗೆ ಮೆಟ್ಟಿಲಿಳಿದು ಬರಲು ಹೊತ್ತು ಬೇಕು, ಶಾಲೆ ಬಿಡುವ ಸಮಯದಲ್ಲಿ ಯಾವ ಓಣಿಯಲ್ಲಿ ಮಕ್ಕಳು ತುಂಬಿರುವರು — ಇವೆಲ್ಲ ವರ್ಷಗಳ ಅನುಭವದಿಂದ ಬರತಕ್ಕ ಅರಿವು. ಈ ಅರಿವಿಗೂ ಯಂತ್ರದ ಅಪ್ಪಣೆಗೂ ಭೇದ ಬಂದಾಗ ಯಾವುದು ಮೇಲು ಎಂಬುದು ಈ ವೃತ್ತಿಯ ನಿತ್ಯದ ತಗಾದೆಯಾಗಿದೆ.

ಶರೀರದ ಚಲನೆಗೂ ಇಂಥ ನಿಯಮಗಳುಂಟು. ಇಳಿಯುವಾಗ ಎರಡು ಕೈ ಒಂದು ಕಾಲು ಅಥವಾ ಒಂದು ಕೈ ಎರಡು ಕಾಲು ಆಧಾರದಲ್ಲಿರಬೇಕು, ಧುಮುಕಕೂಡದು. ದೃಷ್ಟಿಯನ್ನು ದೂರಕ್ಕೆ ನೆಟ್ಟಿರಬೇಕು, ಕಣ್ಣುಗಳು ಸದಾ ಚಲಿಸುತ್ತಿರಬೇಕು, ಸುತ್ತಲೂ ತಪ್ಪಿಸಿಕೊಳ್ಳಲು ಎಡೆಯಿರಬೇಕು. ವಾಹನವನ್ನು ಹಿಂದಕ್ಕೆ ನಡೆಸುವ ಪ್ರಸಂಗವನ್ನೇ ಆದಷ್ಟು ವರ್ಜಿಸಬೇಕು. ಇವುಗಳನ್ನು ಕಲಿಸಲು ೨೦೦೭ರಲ್ಲಿ ಮೇರಿಲೆಂಡಿನ ಲ್ಯಾಂಡೋವರ್‌ನಲ್ಲಿ ವಿಶೇಷ ಶಿಕ್ಷಣಶಾಲೆಯೊಂದನ್ನು ತೆರೆದರು. ಇಪ್ಪತ್ತೈದು ವರ್ಷ ಅಪಘಾತವಿಲ್ಲದೆ ನಡೆಸಿದವರಿಗೆ ಗೌರವಮಂಡಲಿಯೊಂದುಂಟು. ದಿನಕ್ಕೆ ನೂರಾರು ಸಲ ಹತ್ತಿಳಿಯುವವನ ಮೊಣಕಾಲಿಗೂ ಬೆನ್ನಿಗೂ ಇಂಥ ನಿಯಮಗಳೇ ರಕ್ಷೆ. ಅದೇ ನಿಯಮಗಳನ್ನು ನಿಮಿಷಗಳ ಲೆಕ್ಕದೊಡನೆ ಜೋಡಿಸಿದಾಗ ರಕ್ಷೆಯು ಒತ್ತಾಯವಾಗಿ ಪರಿಣಮಿಸುವುದೂ ಉಂಟು. ವಾಹನ ಎಷ್ಟು ಹೊತ್ತು ನಿಂತಿತು, ಹಿಂದಕ್ಕೆ ಎಷ್ಟು ಸಲ ಚಲಿಸಿತು, ನಡುಪಟ್ಟಿಯನ್ನು ಯಾವಾಗ ಕಟ್ಟಿದರು ಎಂಬುದನ್ನೆಲ್ಲ ಈಗ ಉಪಕರಣಗಳು ದಾಖಲಿಸುತ್ತವೆ.

ಇಲ್ಲಿಯೇ ಕಾರ್ಮಿಕಸಂಘದ ಪಾತ್ರ ಕಾಣಬರುವುದು. ಈ ಸಂಸ್ಥೆಯ ಚಾಲಕರೂ ತುಂಬುಗಾರರೂ ಟೀಮ್‌ಸ್ಟರ್ಸ್ ಎಂಬ ಸಂಘದ ಸದಸ್ಯರು. ೧೯೯೭ರ ಆಗಸ್ಟಿನಲ್ಲಿ ಸುಮಾರು ೧,೮೫,೦೦೦ ಮಂದಿ ಹದಿನೈದು ದಿನ ಮುಷ್ಕರ ಹೂಡಿದರು. ಅರೆಕಾಲದ ಕೆಲಸಗಳಿಂದ ೧೦,೦೦೦ ಪೂರ್ಣಕಾಲದ ಹುದ್ದೆಗಳನ್ನು ಸೃಷ್ಟಿಸುವುದಾಗಿ ಸಂಸ್ಥೆ ಒಪ್ಪಿತು. ೨೦೨೩ರ ಒಪ್ಪಂದದಲ್ಲಿ ಮುಖ್ಯವಾಗಿ ಬಂದ ವಿಷಯ ತಾಪದ್ದು. ಲೋಹದ ಗೋಡೆಗಳ ಹಿಂಭಾಗದಲ್ಲಿ ಗ್ರೀಷ್ಮದ ಬಿಸಿಲಿಗೆ ಕಾದ ಗಾಳಿ ಹೊರಹೋಗದು. ಚಾಲಕನು ಪ್ರತಿ ನಿಲುಗಡೆಯಲ್ಲೂ ಅದರೊಳಗೆ ಹೊಕ್ಕು ಹುಡುಕಬೇಕು. ೨೦೨೪ರ ಜನವರಿಯಿಂದ ಕೊಳ್ಳುವ ಹೊಸ ವಾಹನಗಳಲ್ಲಿ ತಂಪುಯಂತ್ರವಿರಬೇಕೆಂದೂ, ಹಳೆಯವುಗಳಿಗೆ ಬೀಸಣಿಗೆಗಳನ್ನು ಜೋಡಿಸಬೇಕೆಂದೂ, ಒಂದೇ ಕೆಲಸಕ್ಕೆ ಕಡಮೆ ಕೂಲಿ ಪಡೆಯುತ್ತಿದ್ದ ಎರಡನೆಯ ದರ್ಜೆಯ ಚಾಲಕರೆಂಬ ಭೇದವನ್ನು ತೆಗೆದುಹಾಕಬೇಕೆಂದೂ ನಿಶ್ಚಯವಾಯಿತು. ಮತ ಕೊಟ್ಟ ಸದಸ್ಯರಲ್ಲಿ ನೂರಕ್ಕೆ ೮೬ಕ್ಕಿಂತ ಹೆಚ್ಚು ಮಂದಿ ಅನುಮೋದಿಸಿದರು.

ಎಲ್ಲ ಸಂಸ್ಥೆಗಳಲ್ಲೂ ವ್ಯವಸ್ಥೆ ಹೀಗಿಲ್ಲ. ಫೆಡ್ಎಕ್ಸ್ ಗ್ರೌಂಡ್ ಸಂಸ್ಥೆಯು ಗುತ್ತಿಗೆದಾರರ ಮೂಲಕ ಬಟವಾಡೆ ನಡೆಸುತ್ತಿತ್ತು. ಅಮೆಜಾನ್ ೨೦೧೮ರಲ್ಲಿ ಸಣ್ಣ ಸಣ್ಣ ಉದ್ಯಮಿಗಳು ಚಾಲಕರನ್ನು ನೇಮಿಸಿಕೊಳ್ಳುವ ಪದ್ಧತಿಯನ್ನು ತೆರೆಯಿತು. ೨೦೧೪ರಲ್ಲಿ ಸಂಯುಕ್ತ ಸಂಸ್ಥಾನದ ಮೇಲ್ಮನವಿಯ ನ್ಯಾಯಾಲಯವೊಂದು, ಫೆಡ್ಎಕ್ಸ್ ಗ್ರೌಂಡಿನ ಕ್ಯಾಲಿಫೋರ್ನಿಯದ ಕೆಲವು ಚಾಲಕರನ್ನು ಸ್ವತಂತ್ರ ಗುತ್ತಿಗೆದಾರರೆಂದು ಕರೆದಿದ್ದರೂ ಅವರು ಕಾನೂನಿನಂತೆ ನೌಕರರೇ ಎಂದು ತೀರ್ಪಿತ್ತಿತು. ಉಡುಪು, ವಾಹನದ ರೂಪ, ಕೆಲಸದ ವೇಳೆ ಇವುಗಳನ್ನು ಸಂಸ್ಥೆಯೇ ನಿಯಂತ್ರಿಸುತ್ತಿತ್ತೆಂಬುದು ಅದಕ್ಕೆ ಆಧಾರ. ಕೆಲಸ ಒಂದೇ ಆದರೂ, ಬೆನ್ನು ನೊಂದ ದಿನ ಹೊಣೆ ಯಾರದೆಂಬುದು ಹೀಗೆ ಒಡಂಬಡಿಕೆಯ ರೂಪವನ್ನು ಅವಲಂಬಿಸುತ್ತದೆ.

ಮೇಲ್ಕಂಡ ವಿವರಗಳಿಂದ ಈ ವೃತ್ತಿಯಲ್ಲಿ ಮೂರು ಅಂಶಗಳು ಕೂಡಿರುವುದು ಸ್ಪಷ್ಟವಾಗುತ್ತದೆ: ದೇಹಶ್ರಮ, ಸ್ಥಳಜ್ಞಾನ, ಮತ್ತು ರಸ್ತೆಯಲ್ಲಿ ಇತರರ ಪ್ರಾಣರಕ್ಷಣೆಯ ಹೊಣೆ. ಯಂತ್ರವು ಎರಡನೆಯದರಲ್ಲಿ ಒಂದು ಪಾಲನ್ನು ತೆಗೆದುಕೊಂಡಿದೆ. ಮೊದಲನೆಯದೂ ಮೂರನೆಯದೂ ಚಾಲಕನಲ್ಲೇ ಉಳಿದಿವೆ. ಮಾರ್ಗವನ್ನು ಯಂತ್ರ ಸೂಚಿಸಿತೆಂಬ ಕಾರಣದಿಂದ ಚಾಲಕನ ಕೆಲಸ ಹಗುರವಾಯಿತೆಂದು ಎಣಿಸಿ ನಿಲುಗಡೆಗಳನ್ನು ಹೆಚ್ಚಿಸುವುದು ನ್ಯಾಯವೇ ಎಂಬುದನ್ನು, ಮನೆಬಾಗಿಲಿಗೆ ಸರಕು ತರಿಸಿಕೊಳ್ಳುವ ಪರಿಪಾಟಿ ಬೆಳೆಯುತ್ತಿರುವ ಎಲ್ಲ ದೇಶಗಳ ವಿಚಾರವಂತರೂ ಪರ್ಯಾಲೋಚಿಸುವುದು ಯುಕ್ತವಾಗಿದೆ.