ಮೆನುವಿನಲ್ಲಿ ಆಯ್ಕೆ ಕಾಣುತ್ತಿಲ್ಲವೆ?

ಮದುವೆ ಸೀಸನ್ ಶುರುವಾಯಿತೆಂದರೆ ಸ್ಟುಡಿಯೊ ಹುಡುಗರ ಫೋನು ಹೆಚ್ಚುತ್ತದೆ. "ಸಾರ್, ಫಿಲ್ಟರೇ ಓಪನ್ ಆಗ್ತಿಲ್ಲ." "ಅಣ್ಣಾ, ಜೆಪೆಗ್ ಆಪ್ಷನ್ನೇ ಹೋಗಿಬಿಟ್ಟಿದೆ, ಪಾರ್ಟಿ ಬಂದು ಕೂತಿದಾರೆ." ಬಹುಪಾಲು ಸಲ ಆಯ್ಕೆ ಎಲ್ಲಿಗೂ ಹೋಗಿರುವುದಿಲ್ಲ. ತೆರೆದಿಟ್ಟ ಫೈಲು ಅದಕ್ಕೆ ಒಗ್ಗುವ ಸ್ಥಿತಿಯಲ್ಲಿರುವುದಿಲ್ಲ, ಇಲ್ಲವೇ ಆಯ್ಕೆ ಬೇರೆ ಜಾಗಕ್ಕೆ ಹೋಗಿರುತ್ತದೆ. ಇಷ್ಟು ಗೊತ್ತಿಲ್ಲದೆ ರಾತ್ರಿಯೆಲ್ಲ ನಿದ್ದೆಗೆಟ್ಟು, ವರ್ಷಗಟ್ಟಲೆ ಕೂಡಿಟ್ಟ ಆಕ್ಷನ್‌ಗಳನ್ನೂ ಬ್ರಷ್‌ಗಳನ್ನೂ ಕಳೆದುಕೊಂಡವರನ್ನು ನೋಡಿ ಸಂಕಟಪಟ್ಟಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಪ್ಪು ಕಲ್ಪನೆ: ಫಿಲ್ಟರ್‌ಗಳ ಹೆಸರು ಬೂದು ಬಣ್ಣಕ್ಕೆ ತಿರುಗಿದರೆ ಸಾಫ್ಟ್‌ವೇರ್ ಕೆಟ್ಟಿದೆ ಎಂದರ್ಥ.

ವಾಸ್ತವ: ಕೆಟ್ಟಿಲ್ಲ, ಫೈಲಿನ ಮೋಡ್ ನೋಡಿ. ಜಾತ್ರೆಯ ಕರಪತ್ರ ಮಾಡುತ್ತಿದ್ದ ಹುಡುಗನೊಬ್ಬ ಹೀಗೇ ಸಿಕ್ಕಿಹಾಕಿಕೊಂಡಿದ್ದ. ದೇವಸ್ಥಾನದ ಲಾಂಛನಕ್ಕೆ ತುಸು ಬ್ಲರ್ ಕೊಡಬೇಕಿತ್ತು. ಫಿಲ್ಟರ್ ಮೆನು ತೆರೆದರೆ ಮೇಲಿಂದ ಕೆಳಗಿನವರೆಗೆ ಬೂದು. ಫೋಟೋಶಾಪನ್ನು ಎರಡು ಸಲ ತೆಗೆದು ಹಾಕಿದ್ದನಂತೆ. ನಾನು ಹೋಗಿ ನೋಡಿದಾಗ ಚಿತ್ರದ ಮೇಲಿನ ಟ್ಯಾಬಿನಲ್ಲಿ, ಫೈಲಿನ ಹೆಸರಿನ ಪಕ್ಕದಲ್ಲೇ, 'ಇಂಡೆಕ್ಸ್' ಎಂದಿತ್ತು. ಅದು ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಜಿಫ್ ಫೈಲು.

ಇಂಡೆಕ್ಸ್ ಚಿತ್ರದಲ್ಲಿ ಹೆಚ್ಚೆಂದರೆ 256 ಬಣ್ಣಗಳ ಒಂದು ಪಟ್ಟಿ ಇರುತ್ತದೆ. ಚಿತ್ರದ ಪ್ರತಿ ಚುಕ್ಕೆಯೂ ಆ ಪಟ್ಟಿಯೊಳಗಿನ ಬಣ್ಣವನ್ನೇ ತೆಗೆದುಕೊಳ್ಳಬೇಕು. ಬ್ಲರ್ ಮಾಡುವುದೆಂದರೆ ಕೆಂಪಿಗೂ ಹಳದಿಗೂ ನಡುವಿನ ಹೊಸ ಬಣ್ಣಗಳನ್ನು ಹುಟ್ಟಿಸುವುದು. ಆ ಹೊಸ ಬಣ್ಣಗಳಿಗೆ ಪಟ್ಟಿಯಲ್ಲಿ ಜಾಗವಿಲ್ಲ, ಹಾಗಾಗಿ ಫಿಲ್ಟರ್‌ಗಳ ಬಾಗಿಲು ಮುಚ್ಚಿರುತ್ತದೆ. ಇಮೇಜ್ ಮೆನುವಿನ ಮೋಡ್‌ಗೆ ಹೋಗಿ ಆರ್‌ಜಿಬಿ ಕಲರ್ ಒತ್ತಿದ್ದೇ ತಡ, ಅಷ್ಟೂ ಫಿಲ್ಟರ್‌ಗಳು ಕಪ್ಪಾಗಿ ಎದ್ದು ನಿಂತವು. ಫೋಟೋಶಾಪ್ ಬದಲು ಜಿಂಪ್ ಬಳಸುವವರೂ ಫಿಲ್ಟರ್ ಹಾಕುವ ಮೊದಲು ಆರ್‌ಜಿಬಿಗೆ ಬದಲಾಯಿಸಿಕೊಳ್ಳುವುದೇ ಒಳ್ಳೆಯದು.

ಸಿಎಮ್‌ವೈಕೆ ಫೈಲಿನಲ್ಲೂ ಅರ್ಧ ಇದೇ ಕಥೆ. ಫಿಲ್ಟರ್ ಗ್ಯಾಲರಿ ಅಲ್ಲಿ ತೆರೆಯುವುದಿಲ್ಲ. ಕ್ಯಾಮೆರಾದ ರಾ ಫೈಲನ್ನು 16 ಬಿಟ್‌ನಲ್ಲಿ ತೆರೆದಿದ್ದರೂ ತೆರೆಯುವುದಿಲ್ಲ, ಅದಕ್ಕೆ 8 ಬಿಟ್ ಬೇಕು. 32 ಬಿಟ್‌ಗೆ ಹೋದರೆ ಇನ್ನೂ ಎಷ್ಟೋ ಆಯ್ಕೆಗಳು ಮುಚ್ಚಿಕೊಳ್ಳುತ್ತವೆ. ಪ್ರೆಸ್‌ನವರು ಸಿಎಮ್‌ವೈಕೆ ಕೇಳುತ್ತಾರೆಂದು ಮೊದಲ ದಿನವೇ ಬದಲಾಯಿಸಬೇಡಿ. ಕೆಲಸವೆಲ್ಲ ಆರ್‌ಜಿಬಿಯಲ್ಲಿ ಮುಗಿಸಿ, ಕೊನೆಗೆ ಒಂದು ಪ್ರತಿಯನ್ನು ಮಾತ್ರ ಬದಲಾಯಿಸಿ ಕೊಡಿ. ಅತ್ತಿತ್ತ ಬದಲಾಯಿಸುತ್ತಾ ಹೋದರೆ ಸೀರೆಯ ಬಣ್ಣ ಕಳೆಗುಂದುತ್ತದೆ, ಮತ್ತೆ ಬರುವುದಿಲ್ಲ.

ತಪ್ಪು ಕಲ್ಪನೆ: ಎಲ್ಲ ಮೆನುವೂ ಒಟ್ಟಿಗೆ ಬೂದಾದರೆ ಸಿಸ್ಟಮ್ ಹ್ಯಾಂಗ್ ಆಗಿದೆ.

ವಾಸ್ತವ: ಯಾವುದೋ ಕೆಲಸ ಅರ್ಧಕ್ಕೆ ನಿಂತಿದೆ. ಫ್ರೀ ಟ್ರಾನ್ಸ್‌ಫಾರ್ಮ್ ಅಥವಾ ಕ್ರಾಪ್ ಹಾಗೇ ಬಿಟ್ಟಿರುತ್ತೀರಿ, ಅಕ್ಷರದ ಪೆಟ್ಟಿಗೆಯೊಳಗೆ ಕರ್ಸರ್ ಮಿನುಗುತ್ತಿರುತ್ತದೆ. ಮೇಲಿನ ಪಟ್ಟಿಯಲ್ಲಿರುವ ಸರಿ ಗುರುತು ಒತ್ತಿ, ಬೇಡವಾದರೆ ಎಸ್ಕೇಪ್ ಒತ್ತಿ. ಪವರ್ ಬಟನ್ ಒತ್ತಿ ಕಂಪ್ಯೂಟರ್ ಆರಿಸುವ ಮೊದಲು ಇದೊಂದನ್ನು ಮಾಡಿ ನೋಡಿ.

ತಪ್ಪು ಕಲ್ಪನೆ: ಸೇವ್ ಆ್ಯಸ್‌ನಲ್ಲಿ ಜೆಪೆಗ್ ಇಲ್ಲ ಅಂದರೆ ಇನ್‌ಸ್ಟಾಲ್ ಸರಿಯಾಗಿಲ್ಲ.

ವಾಸ್ತವ: ಅಡೋಬಿಯವರೇ ಜಾಗ ಬದಲಿಸಿದ್ದಾರೆ. ಜೆಪೆಗ್‌ಗೆ ಲೇಯರ್ ಇಟ್ಟುಕೊಳ್ಳುವ ಶಕ್ತಿ ಇಲ್ಲ. 2021ರ 22.4 ಆವೃತ್ತಿಯಿಂದ, ಲೇಯರ್ ಇರುವ ಫೈಲಿಗೆ ಸೇವ್ ಆ್ಯಸ್ ಒತ್ತಿದರೆ ಲೇಯರ್ ಉಳಿಸಿಕೊಳ್ಳಬಲ್ಲ ಮಾದರಿಗಳಷ್ಟೇ ಕಾಣುತ್ತವೆ. ಜೆಪೆಗ್ ಬೇಕಾದರೆ 'ಸೇವ್ ಎ ಕಾಪಿ' ಒತ್ತಬೇಕು. ಕಂಟ್ರೋಲ್, ಆಲ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೂ ಆಯಿತು. ಹಳೆಯ ಅಭ್ಯಾಸವೇ ಬೇಕೆನ್ನುವವರಿಗೆ ಪ್ರಿಫರೆನ್ಸಸ್‌ನ ಫೈಲ್ ಹ್ಯಾಂಡ್ಲಿಂಗ್‌ನಲ್ಲಿ 'ಲೆಗಸಿ ಸೇವ್ ಆ್ಯಸ್' ಎಂಬ ಟಿಕ್ ಪೆಟ್ಟಿಗೆಯನ್ನು ಆಮೇಲೆ ಕೊಟ್ಟರು.

ಹೊಸ ಪದ್ಧತಿಯೇ ಒಳ್ಳೆಯದು ಎನ್ನುತ್ತೇನೆ ನಾನು. ಅವಸರದಲ್ಲಿ ಜೆಪೆಗ್ ಮಾಡಿ, ಪಿಎಸ್‌ಡಿ ಉಳಿಸದೆ ಮುಚ್ಚಿ, ಮರುದಿನ "ವಧುವಿನ ಹೆಸರು ತಿದ್ದಿಕೊಡಿ" ಎಂದಾಗ ಇಡೀ ಪುಟ ಮತ್ತೆ ಕಟ್ಟಿದವರಿಗೆ ಇದರ ಬೆಲೆ ಗೊತ್ತು. ಜಿಂಪ್ 2012ರಲ್ಲೇ, 2.8ನೇ ಆವೃತ್ತಿಯಲ್ಲಿ, ಈ ದಾರಿ ಹಿಡಿದಿತ್ತು. ಅಲ್ಲಿ ಸೇವ್ ಅಂದರೆ ಅದರದೇ ಎಕ್ಸ್‌ಸಿಎಫ್ ಫೈಲು, ಜೆಪೆಗ್‌ಗೆ ಎಕ್ಸ್‌ಪೋರ್ಟ್.

ತಪ್ಪು ಕಲ್ಪನೆ: ವಿಡಿಯೊದಲ್ಲಿ ತೋರಿಸಿದ್ದು ನನ್ನ ಮೆನುವಿನಲ್ಲಿಲ್ಲ, ಹಾಗಾಗಿ ನನ್ನದು ಅರೆಬರೆ ಸಾಫ್ಟ್‌ವೇರ್.

ವಾಸ್ತವ: ವಿಡಿಯೊ ಯಾವ ಆವೃತ್ತಿಯದು ಎಂದು ಮೊದಲು ನೋಡಿ. 2015ರಲ್ಲಿ 'ಸೇವ್ ಫಾರ್ ವೆಬ್' ಫೈಲ್ ಮೆನುವಿನಿಂದ ಎಕ್ಸ್‌ಪೋರ್ಟ್ ಒಳಗೆ ಸರಿಯಿತು. ಸಿಎಸ್6ರಿಂದ ಆರ್ಟಿಸ್ಟಿಕ್, ಸ್ಕೆಚ್ ಗುಂಪುಗಳು ಫಿಲ್ಟರ್ ಮೆನುವಿನಲ್ಲಿ ಕಾಣದೆ ಗ್ಯಾಲರಿಯೊಳಗೆ ಸೇರಿದವು. ಪ್ರಿಫರೆನ್ಸಸ್‌ನ ಪ್ಲಗ್-ಇನ್ಸ್‌ನಲ್ಲಿ ಟಿಕ್ ಹಾಕಿದರೆ ಮತ್ತೆ ಹೊರಗೆ ಬರುತ್ತವೆ. 3ಡಿ ಸೌಲಭ್ಯವನ್ನಂತೂ ಅಡೋಬಿ ಕೈಬಿಟ್ಟಿದೆ, ಅದನ್ನು ಹುಡುಕಿ ಪ್ರಯೋಜನವಿಲ್ಲ.

ಕೆಲವೊಮ್ಮೆ ಆಯ್ಕೆಯನ್ನು ಮೊದಲು ಅದೇ ಸಿಸ್ಟಮ್‌ನಲ್ಲಿ ಕೂರುತ್ತಿದ್ದವರೇ ಅಡಗಿಸಿಟ್ಟಿರುತ್ತಾರೆ. ಎಡಿಟ್‌ನ ಮೆನುಸ್‌ನಲ್ಲಿ ಒಂದೊಂದು ಹೆಸರಿನ ಮುಂದೆಯೂ ಕಣ್ಣಿನ ಗುರುತಿದೆ, ಅದನ್ನು ಒತ್ತಿದರೆ ಆ ಹೆಸರು ಮೆನುವಿನಿಂದ ಮಾಯ. ಹಾಗಾದ ಮೆನುವಿನ ತುದಿಯಲ್ಲಿ 'ಶೋ ಆಲ್ ಮೆನು ಐಟಮ್ಸ್' ಎಂಬ ಸಾಲು ಬಂದಿರುತ್ತದೆ, ಒತ್ತಿದರೆ ಎಲ್ಲವೂ ಹೊರಗೆ. ಇಡೀ ಮೆನು ಪಟ್ಟಿಯೇ ಕಾಣದಿದ್ದರೆ ತಪ್ಪಿ ಎಫ್ ಕೀ ತಾಗಿದೆ. ಪ್ಯಾನೆಲ್‌ಗಳು ಮಾತ್ರ ಹೋಗಿದ್ದರೆ ಟ್ಯಾಬ್ ಕೀ.

ತಪ್ಪು ಕಲ್ಪನೆ: ಏನೇ ಆದರೂ ಪ್ರಿಫರೆನ್ಸಸ್ ರೀಸೆಟ್ ಮಾಡಿದರಾಯಿತು.

ವಾಸ್ತವ: ಅದು ಕೊನೆಯ ಮದ್ದು. ಫೋಟೋಶಾಪ್ ತೆರೆಯುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಹಿಡಿದರೆ ಸೆಟ್ಟಿಂಗ್‌ಗಳು ಅಳಿಸಿಹೋಗುತ್ತವೆ. ಜೊತೆಗೆ ನಿಮ್ಮ ಆಲ್ಬಮ್ ಆಕ್ಷನ್‌ಗಳೂ ಹೋಗಬಹುದು. ಆಕ್ಷನ್ಸ್ ಪ್ಯಾನೆಲ್‌ನಲ್ಲಿ ಗುಂಪನ್ನು ಆರಿಸಿ, 'ಸೇವ್ ಆಕ್ಷನ್ಸ್' ಒತ್ತಿ, ಪೆನ್‌ಡ್ರೈವ್‌ಗೆ ಹಾಕಿಕೊಂಡ ಮೇಲಷ್ಟೇ ಅದಕ್ಕೆ ಕೈಹಾಕಿ.

ತಪ್ಪು ಕಲ್ಪನೆ: ಫೋಟೋಶಾಪ್‌ಗೆ ಯೂನಿಕೋಡ್ ಕನ್ನಡ ಬರುವುದಿಲ್ಲ.

ವಾಸ್ತವ: ಬರುತ್ತದೆ, ಆದರೆ ಅದರ ಆಯ್ಕೆ ಒಳಗಡೆ ಇದೆ. ಒತ್ತಕ್ಷರ ಒಡೆದುಹೋಗುತ್ತದೆಂದು ನಮ್ಮ ಡಿಟಿಪಿ ಕೇಂದ್ರಗಳು ಎಷ್ಟೋ ವರ್ಷ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಿಗೇ ಅಂಟಿಕೊಂಡವು. ಇಂದಿಗೂ ಅನೇಕರು ಹಾಗೇ ನಂಬಿದ್ದಾರೆ. ನೀವು ಬಳಸುವ ಆವೃತ್ತಿಯ ಪ್ರಿಫರೆನ್ಸಸ್‌ನ ಟೈಪ್ ಪುಟದಲ್ಲಿ ಟೆಕ್ಸ್ಟ್ ಎಂಜಿನ್ ಕೇಳಿದರೆ 'ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್' ಆರಿಸಿ, ಫೋಟೋಶಾಪ್ ಮುಚ್ಚಿ ತೆರೆಯಿರಿ. ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯಲ್ಲಿರುವ ಸಣ್ಣ ಮೆನುವಿನಲ್ಲಿ, ಅಲ್ಲಿಯವರೆಗೆ ಇರದಿದ್ದ, ಕನ್ನಡದಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ಕಂಪೋಸರ್ ಕಾಣಿಸಿಕೊಳ್ಳುತ್ತದೆ. ಈಚಿನ ಆವೃತ್ತಿಗಳಲ್ಲಿ ಇದೇ ಕೆಲಸಕ್ಕೆ 'ವರ್ಲ್ಡ್-ರೆಡಿ ಲೇಔಟ್' ಎಂಬ ಹೆಸರಿದೆ. ಮೊದಲೇ ಟೈಪ್ ಮಾಡಿಟ್ಟ ಸಾಲುಗಳು ತಾವಾಗಿ ಸರಿಹೋಗುವುದಿಲ್ಲ, ಆ ಟೆಕ್ಸ್ಟ್ ಲೇಯರನ್ನು ಆರಿಸಿಕೊಂಡೇ ಇದನ್ನು ಒತ್ತಬೇಕು.

ಹೋದ ತಿಂಗಳು ಡಿಟಿಪಿ ಕೇಂದ್ರವೊಂದರ ಹುಡುಗನಿಗೆ ಒಂದು ಲಗ್ನಪತ್ರಿಕೆಯ ತಲೆಬರಹದಲ್ಲಿ ಹೀಗೆ ಮಾಡಿ ತೋರಿಸಿದೆ. ಶ, ಹಲಂತದ ಗುರುತು, ರೀ ಎಂದು ಬಿಡಿಬಿಡಿಯಾಗಿ ನಿಂತಿದ್ದದ್ದು ಒಂದೇ ಕ್ಲಿಕ್ಕಿಗೆ ಕೂಡಿಕೊಂಡು 'ಶ್ರೀ' ಆಯಿತು, ಅದರ ಪಕ್ಕದಲ್ಲಿ 'ಲಕ್ಷ್ಮೀ ವೆಂಕಟೇಶ್ವರ ಪ್ರಸನ್ನ'ದ ಒತ್ತುಗಳೆಲ್ಲ ತಮ್ಮ ತಮ್ಮ ಅಕ್ಷರದ ಕೆಳಗೆ ಬಂದು ಕೂತವು. ಹುಡುಗ ಅದನ್ನು ದೊಡ್ಡದು ಮಾಡಿ ಒಂದೊಂದೇ ಒತ್ತು ನೋಡಿದ, ಆಮೇಲೆ ಮಾಲೀಕರನ್ನು ಕರೆದ.