ನರಕೋಶಗಳ ಆಸರೆ: ವಿಕಿರಣದ ಪೆಟ್ಟು ತಡವಾಗಿ ಕಾಣುವುದೇಕೆ?

ಕತ್ತಿನ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದ ಕೆಲವು ರೋಗಿಗಳಿಗೆ, ಚಿಕಿತ್ಸೆ ಮುಗಿದು ಕೆಲವು ತಿಂಗಳಾದ ಮೇಲೆ, ತಲೆ ಬಗ್ಗಿಸಿದೊಡನೆ ಬೆನ್ನಿನುದ್ದಕ್ಕೂ ವಿದ್ಯುತ್ ಹರಿದಂತೆ ಜುಮ್ಮೆನ್ನುತ್ತದೆ. ವೈದ್ಯರು ಇದನ್ನು ಲೆರ್ಮಿಟ್ ಚಿಹ್ನೆ ಎನ್ನುತ್ತಾರೆ. ವಿಕಿರಣ ನಿಂತ ಎಷ್ಟೋ ದಿನಗಳ ನಂತರ ಹೀಗಾಗುವುದೇಕೆ? ಉತ್ತರಕ್ಕಾಗಿ ನಾವು ನರಕೋಶಗಳ ನೆರೆಹೊರೆಯನ್ನು ನೋಡಬೇಕು.

ಮಿದುಳಿನಲ್ಲಿ ನರಕೋಶಗಳು ಎಷ್ಟಿವೆಯೋ ಹೆಚ್ಚುಕಡಿಮೆ ಅಷ್ಟೇ ಆಸರೆ ಕೋಶಗಳೂ ಇವೆ. 1856ರಲ್ಲಿ ಜರ್ಮನಿಯ ವಿಜ್ಞಾನಿ ರುಡಾಲ್ಫ್ ವಿರ್ಚೊ, ನರಕೋಶಗಳನ್ನು ಹಿಡಿದಿಡುವ ಅಂಟು ಎಂಬ ಅರ್ಥದಲ್ಲಿ 'ನ್ಯೂರೋಗ್ಲಿಯ' ಎಂಬ ಹೆಸರು ಬಳಸಿದರು. ಆದರೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಲವು ಬಗೆಯ ಕೋಶಗಳು ಕಂಡುಬಂದವು. ನಕ್ಷತ್ರದ ಆಕಾರದ ಆಸ್ಟ್ರೋಸೈಟ್‌ಗಳು ತಮ್ಮ ಪಾದಗಳನ್ನು ರಕ್ತನಾಳಗಳ ಮೇಲೆ ಊರಿರುತ್ತವೆ. ಪುಟ್ಟ ಮೈಕ್ರೋಗ್ಲಿಯಗಳು ಕಾವಲು ಕಾಯುತ್ತವೆ. ಆಲಿಗೋಡೆಂಡ್ರೋಸೈಟ್‌ಗಳು ತಮ್ಮ ತೋಳುಗಳನ್ನು ಚಾಚಿ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತುತ್ತವೆ. ಬಾಳೆಯ ದಿಂಡನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಪದರಗಳಂತೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಸುತ್ತುಗಳು ಒಂದರ ಮೇಲೊಂದು ಕಾಣುತ್ತವೆ. ನರಸಂದೇಶ ವೇಗವಾಗಿ ಸಾಗಲು ಈ ಹೊದಿಕೆ ಬೇಕೇ ಬೇಕು.

ವಿಕಿರಣವು ಕೋಶದ ಡಿ.ಎನ್.ಎ. ಎಳೆಗಳನ್ನು ತುಂಡರಿಸುತ್ತದೆ. ಇದರ ಪರಿಣಾಮ ಹೆಚ್ಚಾಗಿ ಕಾಣುವುದು ಕೋಶ ವಿಭಜನೆಯಾಗುವಾಗ. ಬೆಳೆದ ನರಕೋಶಗಳು ವಿಭಜನೆಯಾಗುವುದಿಲ್ಲ. ಆದ್ದರಿಂದ ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಆದರೆ ಹೊಸ ಆಲಿಗೋಡೆಂಡ್ರೋಸೈಟ್‌ಗಳನ್ನು ಒದಗಿಸುವ ಮೂಲಕೋಶಗಳು ವಿಭಜನೆಯಾಗುತ್ತಲೇ ಇರಬೇಕು. ಅವು ಸತ್ತರೆ ಹೊದಿಕೆಯ ದುರಸ್ತಿ ನಿಲ್ಲುತ್ತದೆ, ಮಯಲಿನ್ ಸವೆಯುತ್ತದೆ. ಉಳಿದ ಮೂಲಕೋಶಗಳು ಮತ್ತೆ ಹೆಚ್ಚಿದಾಗ ಹೊದಿಕೆ ಚೇತರಿಸಿಕೊಳ್ಳುತ್ತದೆ. ಜುಮ್ಮೆನ್ನುವುದೂ ಸಾಮಾನ್ಯವಾಗಿ ತಾನಾಗಿಯೇ ಮಾಯವಾಗುತ್ತದೆ. ವಿಕಿರಣದ ಪ್ರಮಾಣ ಮಿತಿ ಮೀರಿದ್ದರೆ ಸಣ್ಣ ರಕ್ತನಾಳಗಳೂ ಕೆಟ್ಟು, ತಿಂಗಳುಗಳು ಅಥವಾ ವರ್ಷಗಳ ನಂತರ ಅಂಗಾಂಶವೇ ಸಾಯಬಹುದು. ಆ ನಷ್ಟ ತುಂಬಿ ಬರುವುದು ಕಷ್ಟ.

ಆದ್ದರಿಂದಲೇ ವೈದ್ಯರು ವಿಕಿರಣವನ್ನು ಒಮ್ಮೆಲೇ ಕೊಡದೆ, ಸಾಮಾನ್ಯವಾಗಿ ದಿನಕ್ಕೆ ಸುಮಾರು 2 ಗ್ರೇಯಂತೆ ಹಲವು ವಾರಗಳಿಗೆ ಹಂಚುತ್ತಾರೆ. ಗ್ರೇ ಎಂದರೆ ಅಂಗಾಂಶ ಹೀರಿಕೊಂಡ ವಿಕಿರಣದ ಅಳತೆ. ಎರಡು ಸರದಿಗಳ ನಡುವಿನ ಬಿಡುವಿನಲ್ಲಿ ಆರೋಗ್ಯವಂತ ಕೋಶಗಳು ತಮ್ಮನ್ನು ಸರಿಪಡಿಸಿಕೊಳ್ಳುತ್ತವೆ. ಮೂರು ವರ್ಷದೊಳಗಿನ ಮಕ್ಕಳಲ್ಲಿ ಮಯಲಿನ್ ಇನ್ನೂ ಸುತ್ತಿಕೊಳ್ಳುತ್ತಿರುವುದರಿಂದ, ಅವರ ಮಿದುಳಿಗೆ ವಿಕಿರಣ ಕೊಡುವುದನ್ನು ಸಾಧ್ಯವಾದಷ್ಟು ಮುಂದೂಡುತ್ತಾರೆ. ಎದೆಯ ಎಕ್ಸ್-ರೇ ತೆಗೆಸಿಕೊಂಡವರು ಹೆದರಬೇಕಾಗಿಲ್ಲ. ಅದರಲ್ಲಿ ಒಂದು ಗ್ರೇಯ ಸಾವಿರದಲ್ಲೊಂದು ಭಾಗದಷ್ಟು ವಿಕಿರಣವೂ ಇರುವುದಿಲ್ಲ.

ಪ್ರಯೋಗಾಲಯದಲ್ಲಿ ಮಿದುಳುಬಳ್ಳಿಯ ಸ್ಲೈಡ್ ಸಿಕ್ಕರೆ ಅದರ ಬಿಳಿಯ ಭಾಗವನ್ನು ಗಮನಿಸಿ. ನರತಂತುಗಳ ನಡುವೆ ಚದುರಿರುವ ಪುಟ್ಟ ನೀಲಿ ಚುಕ್ಕೆಗಳಲ್ಲಿ ಹೆಚ್ಚಿನವು ಈ ಆಸರೆ ಕೋಶಗಳ ಕೋಶಕೇಂದ್ರಗಳೇ.