ಗುಂಪಿನಲ್ಲಿ ಹಾಕಿದ ವಿರೋಧ ಕಡತ ಸೇರುವುದಿಲ್ಲ

ಹಿಟ್ನಾಳ, ಗಿಣಿಗೇರಾ ಸುತ್ತಮುತ್ತ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳಿವೆ. ಇಂಥ ದೊಡ್ಡ ಕಾರ್ಖಾನೆ ಹೊಸದಾಗಿ ಬರುವಾಗ ಊರವರ ಮಾತು ಕೇಳಬೇಕೆಂಬುದು ಸಾಮಾನ್ಯ ನಿಯಮ. ಆದರೆ ಆ ಮಾತನ್ನು ಎಲ್ಲಿ ಹೇಳಬೇಕು ಎಂಬುದರಲ್ಲೇ ಗೊಂದಲವಿದೆ.

"ವಾಟ್ಸ್‌ಆ್ಯಪ್‌ನಲ್ಲಿ ವಿರೋಧ ಹಾಕೀವಿ, ಸಾಕು." ಸಾಲದು. 2006ರ ಸೆಪ್ಟೆಂಬರ್ 14ರ ಪರಿಸರ ಅಧಿಸೂಚನೆಯ ಪ್ರಕಾರ, ಸಾರ್ವಜನಿಕ ಅಹವಾಲು ಸಭೆಗೆ ಮೊದಲು ಅಭಿಪ್ರಾಯ ತಿಳಿಸಲು ಜನರಿಗೆ ಕನಿಷ್ಠ 30 ದಿನ ಸಿಗಬೇಕು. ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ, ಯೋಜನೆಯ ಪರಿಸರ ಪರಿಣಾಮ ವರದಿಯ ಸಾರಾಂಶ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿರುತ್ತದೆ. ಮಂಡಳಿಗೆ ಬರೆದು ಕಳಿಸಿದ್ದು, ಸಭೆಯಲ್ಲಿ ಹೇಳಿದ್ದು ಮಾತ್ರ ಕಡತ ಸೇರುತ್ತದೆ. ಅದರಲ್ಲಿನ ಮುಖ್ಯ ಪರಿಸರ ಪ್ರಶ್ನೆಗಳಿಗೆ ಕಂಪನಿ ಅಂತಿಮ ವರದಿಯಲ್ಲಿ ಉತ್ತರಿಸಲೇಬೇಕು.

"ಇಂಗ್ಲಿಷ್ ಬಾರದವರಿಗೆ ಇದರಾಗ ಜಾಗ ಇಲ್ಲ." ಈ ನಂಬಿಕೆ ಹುಟ್ಟಲು ಕಾರಣ ಸರ್ಕಾರಗಳೇ. 2020ರಲ್ಲಿ ಕೇಂದ್ರ ಸರ್ಕಾರ ಇದೇ ಅಧಿಸೂಚನೆಯನ್ನು ಬದಲಿಸಲು ಕರಡು ಹೊರಡಿಸಿ, ಇಮೇಲ್‌ನಲ್ಲಿ ಅಭಿಪ್ರಾಯ ಕೇಳಿತು. ಕರಡು ಇದ್ದದ್ದು ಇಂಗ್ಲಿಷ್, ಹಿಂದಿಯಲ್ಲಿ. ಅದೂ ಕೊರೊನಾ ಲಾಕ್‌ಡೌನ್‌ ಕಾಲದಲ್ಲಿ. ಎಲ್ಲ ಪ್ರಮುಖ ಭಾಷೆಗಳಿಗೆ ಅನುವಾದಿಸಿ ಎಂದು ಜೂನ್ 30ರಂದು ದೆಹಲಿ ಹೈಕೋರ್ಟ್ ಆದೇಶಿಸಿತು. ಪ್ರಾದೇಶಿಕ ಭಾಷೆಗಳಲ್ಲಿ ಸರಿಯಾದ ಪ್ರಚಾರವೇ ಆಗಿಲ್ಲವೆಂಬ ವಾದ ಆಲಿಸಿದ ಕರ್ನಾಟಕ ಹೈಕೋರ್ಟ್, ಅಂತಿಮ ಅಧಿಸೂಚನೆ ಹೊರಡಿಸದಂತೆ ಆಗಸ್ಟ್‌ನಲ್ಲಿ ಮಧ್ಯಂತರ ತಡೆ ಕೊಟ್ಟಿತು. ನಮ್ಮ ಭಾಷೆಯಲ್ಲಿ ತಿಳಿಸದೆ ಅಭಿಪ್ರಾಯ ಕೇಳುವುದು ಕೇಳಿದಂತಲ್ಲ ಎಂಬ ನನ್ನ ನಂಬಿಕೆಗೆ ಈ ಆದೇಶಗಳು ಬಲ ಕೊಟ್ಟವು. ಸ್ಥಳೀಯ ಅಹವಾಲು ಸಭೆಗಂತೂ ವರದಿಯ ಸಾರಾಂಶ ಕನ್ನಡದಲ್ಲಿರಲೇಬೇಕು. ಕನ್ನಡದಲ್ಲೇ ಬರೆಯಿರಿ.

"ಬೇಡ ಅನ್ನೋರು ಹೆಚ್ಚಾದ್ರ ಯೋಜನೆ ನಿಂತಂಗ." ಇಲ್ಲ, ಅಲ್ಲಿ ಮತ ಎಣಿಸುವುದಿಲ್ಲ. ಸಭೆಗೆ ಕೋರಂ ಕೂಡ ಬೇಕಿಲ್ಲ. ಬೆರಳೆಣಿಕೆಯ ಜನ ಬಂದರೂ ಸಭೆ ನಡೆದುಹೋಗುತ್ತದೆ. ಹಾಗಾಗಿ ಬಹಿಷ್ಕರಿಸಿ ಮನೆಯಲ್ಲಿ ಕುಳಿತವರಿಗೇ ನಷ್ಟ. ಒಂದೇ ಒಕ್ಕಣೆಯ ಸಾವಿರ ಮೇಲ್‌ಗಳಿಗಿಂತ, ಯಾವ ಸರ್ವೆ ನಂಬರಿನ ಹೊಲದಲ್ಲಿ ಬೆಳೆಯ ಮೇಲೆ ಕಪ್ಪು ಧೂಳು ಕೂತಿದೆ, ಯಾವ ಬೋರ್‌ವೆಲ್ ನೀರು ಕೆಟ್ಟಿದೆ ಎಂದು ಫೋಟೊ ಸಮೇತ ಬರೆದ ಒಂದು ಪತ್ರಕ್ಕೆ ಉತ್ತರಿಸುವುದು ಕಷ್ಟ.

"ಈಗ ಎಲ್ಲಾ ಆನ್‌ಲೈನ್, ಗ್ರಾಮಸಭೆ ಯಾಕ?" ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂಬ ಕಾನೂನನ್ನು ಯಾವ ಪೋರ್ಟಲ್ಲೂ ಅಳಿಸಿಲ್ಲ. ಸ್ಮಾರ್ಟ್‌ಫೋನ್ ಇಲ್ಲದ ಅವ್ವಂದಿರಿಗೆ ಇರುವ ಜಾಗ ಅದೇ.

ಮುಂದಿನ ಪ್ರಕಟಣೆ ಕಂಡಾಗ ಕೊನೆಯ ದಿನಾಂಕ ಗುರುತು ಹಾಕಿಕೊಳ್ಳಿ, ಮಂಡಳಿಗೆ ಬರೆಯಿರಿ, ಸ್ವೀಕೃತಿ ಇಟ್ಟುಕೊಳ್ಳಿ, ಸಭೆಗೂ ಹೋಗಿ.